ತಲೆಗಳ ಮೇಲಿನ ಸವಾರಿ

ಮುರಿದ ಫ್ರೇಮನ್ನು ನಿಂತ ನಿಲುವಿನಲ್ಲೇ ಸರಿಮಾಡಿಕೊಟ್ಟ ಖುಷಿಗೆ ಗಿರಾಕಿಯೊಬ್ಬ ಎರಡು ಟಿಕೆಟ್ ಕೊಟ್ಟುಹೋದ. ಕನ್ನಡಕದಂಗಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಗಾಜು ಉಜ್ಜುತ್ತಿದ್ದ ನಮ್ಮ ಮನುಷ್ಯನ ಹೆಗಲಿಗೆ ಶನಿ ಏರಿದ್ದು ಹೀಗೆ. ಪಾಪ್ ಪಂಕ್ ಸಂಗೀತ, ನಾಲ್ಕು ತಂಡಗಳು, ಭಾನುವಾರ ಮಧ್ಯಾಹ್ನ ಎರಡಕ್ಕೆ ಎಂದು ಅದರ ಮೇಲೆ ಅಚ್ಚಾಗಿತ್ತು. ಯಾರಿಗಾದರೂ ದಾಟಿಸಿದರಾಯಿತು ಎಂದುಕೊಂಡು ಅವನು ಅದನ್ನು ಮನೆಯ ಮೇಜಿನ ಮೇಲಿಟ್ಟ.

ಬೆಳಗ್ಗೆ ಹೆಂಡತಿ ಅವನನ್ನು ಅಡುಗೆಮನೆಗೆ ಕರೆದು ದನಿ ತಗ್ಗಿಸಿದಳು. "ಮಗಳು ಟಿಕೆಟ್ ನೋಡಿದ್ಲು. ಪಾಪ, ತುಂಬಾ ಆಸೆ ಅವಳಿಗೆ. ಬಾಯಿಬಿಟ್ಟು ಕೇಳೋಳಲ್ಲ. ನೀವೇ ಕರ್ಕೊಂಡು ಹೋಗಿ."

ಕುಕ್ಕರು ಸೀಟಿ ಹೊಡೆದರೂ ಎದೆ ಹಿಡಿದುಕೊಳ್ಳುವ ಜೀವ ಅವನದು. ಆದರೆ ಮಗಳು ಕಾಲೇಜು ಸೇರಿದ ಮೇಲೆ ಅಪ್ಪ ಮಗಳ ಮಾತುಕತೆ 'ಊಟ ಆಯ್ತಾ', 'ಹ್ಞೂಂ' ಎಂಬಲ್ಲಿಗೆ ಬಂದು ನಿಂತಿತ್ತು. ಅವಳು ಆಸೆಪಟ್ಟದ್ದು ಇದೊಂದಾದರೆ ಇದೇ ಆಗಲಿ ಎಂದು ಒಪ್ಪಿಕೊಂಡ.

ಸುದ್ದಿ ವಠಾರಕ್ಕೆಲ್ಲ ಹಬ್ಬಿತು. ಕೆಳಮನೆಯ ನಿವೃತ್ತ ಕಾಂಪೌಂಡರು ಕಿವಿಗಿಡಲೆಂದು ಒಂದು ಹಿಡಿ ಹತ್ತಿ ಹಿಡಿದು ಮೆಟ್ಟಿಲು ಹತ್ತಿ ಬಂದರು. ಅಲ್ಲಿ ಜನ ಬೇಕೆಂದೇ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಾರೆಂದೂ, ಅಂಥ ಮೂರು ಭುಜಗಳಿಗೆ ತಾವೇ ಪಟ್ಟಿ ಕಟ್ಟಿದ್ದಾಗಿಯೂ ವಿವರವಾಗಿ ಹೇಳಿದರು. ಹೊರಡುವಾಗ ಬಾಗಿಲಲ್ಲಿ ನಿಂತು, "ಬಿದ್ರೆ ಏಳೋಕೆ ಹೋಗ್ಬೇಡಿ ಸ್ವಾಮಿ. ಮುದುರ್ಕೊಂಡು ತಲೆ ಮುಚ್ಕೊಂಡ್ಬಿಡಿ," ಎಂದು ಧೈರ್ಯ ತುಂಬಿದರು. ಎದುರುಮನೆಯ ಹೊಲಿಗೆಯಾಕೆ ರಕ್ತದ ಗುಂಪನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಲು ಸಲಹೆ ಕೊಟ್ಟಳು. ಅವನು ಎರಡು ಚೀಟಿ ಬರೆದು ಎರಡು ಜೇಬಿನಲ್ಲೂ ಇಟ್ಟುಕೊಂಡ.

ಹಳೆಯ ಉಗ್ರಾಣವೊಂದನ್ನು ಸಭಾಂಗಣ ಮಾಡಿದ್ದರು. ಮೊದಲ ತಂಡ ಡ್ರಮ್ಮಿಗೆ ಕೋಲು ತಾಗಿಸಿದ್ದೇ ತಡ, ಅವನ ಹೊಟ್ಟೆಯೊಳಗೆ ಯಾರೋ ಕಬ್ಬಿಣದ ಮಂಚ ಎಳೆದಾಡಿದಂತಾಯಿತು. ಹತ್ತಿ ಕಿವಿಯಲ್ಲಿತ್ತು, ಸದ್ದು ಅಂಗಾಲಿನಿಂದ ಒಳಗೆ ಬರುತ್ತಿತ್ತು. ಪಕ್ಕದಲ್ಲಿ ಮಗಳು ಚೀಲವನ್ನು ಎದೆಗವಚಿಕೊಂಡು ಗೋಡೆಗೆ ಹೊಡೆದ ಮೊಳೆಯ ಹಾಗೆ ನಿಂತಿದ್ದಳು. ಎಂಥ ತನ್ಮಯತೆ ಎಂದುಕೊಂಡ. ಚೆನ್ನಾಗಿದೆಯಾ ಎಂದು ಕೈಸನ್ನೆ ಮಾಡಿದ. ಅವಳು ಜೋರಾಗಿ ತಲೆಯಾಡಿಸಿದಳು. ಎರಡನೆಯ ತಂಡ ಇನ್ನೂ ಜೋರು. ಮನೆಗೆ ಹೋಗೋಣ ಎಂಬ ಮಾತು ನಾಲಗೆಯ ತುದಿಗೆ ಬಂದಾಗಲೆಲ್ಲ ಅವಳ ಮುಖ ನೋಡಿ ನುಂಗಿಕೊಂಡ.

ಮೂರನೆಯ ತಂಡ ಬಂದಾಗ ಜನ ಕಾದ ಹಂಚಿನ ಮೇಲಿನ ನೀರಿನಂತೆ ಎಗರತೊಡಗಿದರು. ಯಾರದೋ ಮೊಣಕೈ ಬೀಸಿಬಂದು ಅವನ ಕನ್ನಡಕ ಹಾರಿಹೋಯಿತು. ಕೆಳಗೆ ತಡಕಾಡಿ ಎದ್ದು ನೋಡಿದರೆ ಪಕ್ಕದಲ್ಲಿ ಮಗಳಿಲ್ಲ.

ಕನ್ನಡಕ ಇಲ್ಲದಿದ್ದರೆ ಅವನಿಗೆ ಲೋಕವೆಲ್ಲ ನೆನೆದ ಕಾಗದದ ಮೇಲಿನ ಶಾಯಿ. ಮಗಳದು ಹಳದಿ ಅಂಗಿ. ಮುಂದೆ ಹಳದಿಯೊಂದು ಕುಣಿಯುತ್ತಿತ್ತು. ಕಾಂಪೌಂಡರು ಪಟ್ಟಿ ಕಟ್ಟಿದ ಭುಜಗಳು ಕಣ್ಮುಂದೆ ಬಂದವು. ಆದರೂ ಹೆತ್ತ ಕರುಳು, ಅವಳ ಹೆಸರು ಕೂಗುತ್ತ ನುಗ್ಗಿದ. ನಾಲ್ಕು ಡಿಕ್ಕಿ ತಿಂದು, ಒಂದು ಚಪ್ಪಲಿ ಕಳಕೊಂಡು, ಕೊನೆಗೂ ಹಳದಿ ಅಂಗಿಯ ಕೈ ಹಿಡಿದ. ಅದು ತಿರುಗಿತು. ಅದಕ್ಕೆ ಗಡ್ಡವಿತ್ತು.

ಮಗಳು ಕಾಣುತ್ತಿಲ್ಲ, ಎತ್ತರದಿಂದ ನೋಡಿ ಹೇಳಪ್ಪ ಎಂದು ಅವನು ಬೆರಳು ಮೇಲೆ ಮಾಡಿ ಅಂಗಲಾಚಿದ. ಆ ಗದ್ದಲದಲ್ಲಿ ಗಡ್ಡದವನಿಗೆ ಅರ್ಥವಾದದ್ದು ಬೆರಳು ಮಾತ್ರ. ಅವನು ಸಂತೋಷದಿಂದ ನಾಲ್ವರನ್ನು ಕರೆದ. ಮರುಕ್ಷಣ ನಮ್ಮವನು ಅಂಗಾತವಾಗಿ ತಲೆಗಳ ಮೇಲೆ ತೇಲುತ್ತಿದ್ದ. ಕೆಳಗೆ ನೂರಾರು ಕೈ, ಮೇಲೆ ತಗಡಿನ ಸೂರು. ಇವರಲ್ಲೊಬ್ಬನಿಗೆ ಈಗ ತುರಿಕೆಯಾದರೆ ತನ್ನ ಗತಿಯೇನು ಎಂಬುದೊಂದೇ ಯೋಚನೆ.

"ಅಯ್ಯೋ, ಇಳಿಸ್ರೋ" ಎಂದು ವೇದಿಕೆಯ ಅಂಚಿಗೆ ತೇಲಿ ಬಂದವನು ಕಿರುಚಿದ. ವಾದ್ಯಗಳು ಸರಿಯಾಗಿ ಆಗಲೇ ನಿಂತಿದ್ದವು. ಹಾಡುಗಾರ ಬಗ್ಗಿ ಮೈಕನ್ನು ಅವನ ಬಾಯಿಗೆ ಹಿಡಿದ. ಅವನು ಇನ್ನೊಮ್ಮೆ ಕಿರುಚಿದ. ಇಡೀ ಸಭಾಂಗಣ ಅದನ್ನೇ ರಾಗವಾಗಿ ಕೂಗಿತು. ಡ್ರಮ್ಮು ತಾಳ ಹಾಕಿತು. ಇಳಿಸಿ ಎಂದಷ್ಟೂ ಎತ್ತಿದರು. ಹಿಂದಿನ ಗೋಡೆಯ ತನಕ ಹೋಗಿ, ವೇದಿಕೆಗೆ ವಾಪಸ್ಸು ಬಂದು, ಮೂರನೆಯ ಸುತ್ತಿಗೆ ಕಾವಲಿನವರು ಅವನನ್ನು ಹಿಟ್ಟಿನ ಮೂಟೆಯಂತೆ ಇಳಿಸಿಕೊಂಡು ಪ್ರಥಮ ಚಿಕಿತ್ಸೆಯ ಮೇಜಿನ ಬಳಿ ಕೂರಿಸಿದರು.

ಮಗಳು ಅಲ್ಲೇ ಇದ್ದಳು. ಅಪ್ಪನ ಕನ್ನಡಕ ಹುಡುಕಲು ಬಗ್ಗಿದವಳನ್ನು ಕಾವಲಿನವರು ಆಗಲೇ ಈಚೆಗೆ ಎಳೆದು ತಂದಿದ್ದರಂತೆ. ಕನ್ನಡಕ ಅವಳ ಕೈಯಲ್ಲಿತ್ತು.

ಇಬ್ಬರೂ ಹೊರಗೆ ಬಂದು ಬಿಸಿಲಲ್ಲಿ ಮೆಟ್ಟಿಲ ಮೇಲೆ ಕೂತರು. ಮುಂದಿನ ಸಲ ಗೆಳತಿಯರ ಜೊತೆ ಹೋಗಮ್ಮ ಎಂದು ಹೇಳಬೇಕೆಂದು ಅವನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವಳೇ ಬಾಯಿಬಿಟ್ಟಳು.

"ಅಪ್ಪ, ನಿಜ ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ನಂಗೆ ಈ ಸದ್ದು, ಈ ನೂಕುನುಗ್ಗಲು ಅಂದ್ರೆ ಜೀವ ಹೋಗತ್ತೆ. ಒಳಗಿದ್ದಷ್ಟು ಹೊತ್ತೂ ನಡುಗ್ತಾ ಇದ್ದೆ."

"ಮತ್ತೆ ಬಂದಿದ್ಯಾಕೆ?"

"ಅಮ್ಮ ಹೇಳಿದ್ಲು. ನಿಮ್ಮಪ್ಪಂಗೆ ತುಂಬಾ ಆಸೆ, ಒಬ್ರೇ ಹೋಗೋಕೆ ನಾಚಿಕೆ, ನೀನು ಜೊತೆಗೆ ಹೋಗು ಅಂತ."

ಅವನಿಗೆ ಹೆಂಡತಿಯ ಕೈಚಳಕ ಈಗ ಅರ್ಥವಾಯಿತು. ಎದೆಯ ಮೇಲಿನ ಬಂಡೆ ಇಳಿದಂತಾಗಿ, ತನಗೂ ಹಾಗೇ ಆಗಿತ್ತು ಎನ್ನಲು ಬಾಯಿ ತೆರೆದ. ಆದರೆ ಮಗಳು ನಿಲ್ಲಿಸಲಿಲ್ಲ. ಎರಡು ವರ್ಷದಲ್ಲಿ ಅವಳು ಅಷ್ಟು ಮಾತಾಡಿದ್ದೇ ಇಲ್ಲ.

"ಆದ್ರೆ ನೀನು ಮೇಲೆ ಹೋಗಿದ್ದು ನೋಡಿ ನನ್ನ ಭಯ ಎಲ್ಲಾ ಹೋಯ್ತು. ಅದು ನಮ್ಮಪ್ಪ ಅಂತ ಅಲ್ಲಿದ್ದೋರಿಗೆಲ್ಲ ಹೇಳ್ದೆ. ಆ ತಂಡದ ಮ್ಯಾನೇಜರ್ ಬಂದು ಕೇಳಿದ್ರು, ಮುಂದಿನ ತಿಂಗಳು ಬಯಲಲ್ಲಿ ಹನ್ನೊಂದು ತಂಡದ ಕಾರ್ಯಕ್ರಮ ಇದೆ, ನಿಮ್ಮಪ್ಪ ಬಂದು ಹಾಗೇ ಕೂಗಿ ಕೊಡ್ತಾರಾ ಅಂತ. ನಾನು ಹ್ಞೂಂ ಅಂದ್ಬಿಟ್ಟೆ. ಆವತ್ತು ಎತ್ತೋರ ಜೊತೆ ನಾನೂ ಇರ್ತೀನಿ ಅಪ್ಪ."

ಅವಳ ಮುಖ ಅರಳಿತ್ತು. ಅವನು ತೆರೆದ ಬಾಯಿ ಮುಚ್ಚಿದ. ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಬಹಳ ಹೊತ್ತು ಒರೆಸಿದ.

"ಇಳಿಸೋಕೂ ನೀನಿರ್ತೀಯ ತಾನೇ?" ಎಂದಷ್ಟೇ ಕೇಳಿದ.