ಹಸಿರು ದಾರ ಸುತ್ತಿದ ಕನ್ನಡಕ

ದುಃಖಕ್ಕೆ ಬಂದವರೆಲ್ಲ ಹೊರಟುಹೋಗಿ, ಮನೆ ಮತ್ತೆ ಮನೆಯಂತಾದ ಮೊದಲ ಬೆಳಗ್ಗೆ ಸನೋಬರ್ ಚಹಾ ಕಾಯಿಸಿಕೊಂಡು, ಉಳಿದಿದ್ದ ಒಣ ರೊಟ್ಟಿಯ ಅಂಚನ್ನು ಕಚ್ಚಿದಳು. ರೊಟ್ಟಿ ಮುರಿಯಲಿಲ್ಲ. ಎಡಗಡೆಯ ಮೇಲಿನ ದವಡೆಹಲ್ಲು ಮುರಿಯಿತು.

ಆ ಹಲ್ಲು ಹೊಸ ಶತ್ರುವೇನಲ್ಲ. ಗಂಡ ಶೋದ್ಮೋನ್ ಇದ್ದಾಗಲೇ ಕಾಡಿತ್ತು. ಅವಳು ಮಾತ್ರೆ ನುಂಗಿದ್ದಳು. ಒಂದು ದಿನ ನೋವು ತಾನಾಗಿ ನಿಂತಾಗ ಗೆದ್ದೆ ಅಂದುಕೊಂಡಿದ್ದಳು. ಆಮೇಲೆ ಗಂಡನ ಎದೆಬಡಿತವೇ ನಿಂತಿತು. ಹಲ್ಲಿನ ನೆನಪು ಯಾರಿಗೆ? ಈಗ ನೋವು, ಊರಿಗೆ ಹೋಗಿದ್ದ ನೆಂಟನಂತೆ ಗಂಟುಮೂಟೆ ಸಮೇತ ಮರಳಿತ್ತು.

ಶೋದ್ಮೋನನ ಬಟ್ಟೆಗಳು ಪದ್ಧತಿಯಂತೆ ಶವಕ್ಕೆ ಸ್ನಾನ ಮಾಡಿಸಿದವರಿಗೆ ಹೋಗಿದ್ದವು. ಗಡಿಯಾರ ರಿಪೇರಿಯ ಸಾಮಾನನ್ನು ಅವನ ಅಣ್ಣ ಒಯ್ದಿದ್ದ. ಅವಳ ಪಾಲಿಗೆ ಉಳಿದದ್ದು ಅಂಗಳದ ಏಣಿ, ಪಲಾವಿನ ದೊಡ್ಡ ಕಡಾಯಿ, ಮೊಳೆಗೆ ತೂಗುಹಾಕಿದ ಅವನ ಕನ್ನಡಕ. ದಪ್ಪ ಭೂತಗನ್ನಡಿಗಳು, ನಡುವೆ ಪುಟ್ಟ ದೀಪ, ಕಿವಿಯ ಕಡ್ಡಿಗೆ ಸುತ್ತಿದ ಹಸಿರು ದಾರ. ಅದನ್ನು ಹಾಕಿಕೊಂಡೇ ಅವಳು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಕಲ್ಲು ನೆಲ್ಲಿಕಾಯಿಯಷ್ಟು ಕಾಣುತ್ತಿತ್ತು, ಮಿಕ್ಕ ಲೋಕವೆಲ್ಲ ಮಸುಕು. ಅವಳಿಗೂ ಸದ್ಯಕ್ಕೆ ಅಷ್ಟೇ ಬೇಕಾಗಿತ್ತು.

ಇನ್ನೊಂದು ಆಸ್ತಿಯೂ ಇತ್ತು: ಹೆಮ್ಮೆ. ಶವ ಹೊತ್ತ ಜನಾಜಾ ಹೊರಡುವ ಮುನ್ನ ಭಾವ ಬಾಗಿಲಲ್ಲಿ ನಿಂತು, ನನ್ನ ತಮ್ಮ ಯಾರಿಗಾದರೂ ಏನಾದರೂ ಕೊಡುವುದಿದೆಯೇ ಎಂದು ಕೇಳಿದಾಗ ಇಡೀ ಬೀದಿ ಒಂದೇ ದನಿಯಲ್ಲಿ, ಏನೂ ಇಲ್ಲ, ನಾವು ತೃಪ್ತರು ಎಂದಿತ್ತು. ಜಗತ್ತಿಗೆ ಏನೂ ಬಾಕಿ ಇರಿಸದೆ ಹೋದವನ ಹೆಂಡತಿ ತಾನು.

ಮಧ್ಯಾಹ್ನದ ಹೊತ್ತಿಗೆ ಕೆನ್ನೆ ಸಮೋಸಾದಂತೆ ಉಬ್ಬಿತು. ಆಗ ಬಂದಳು ಹಮ್ರೊ ಖೋಲಾ, ಪಕ್ಕದ ಮನೆಯವಳು, ಬೀದಿಗೆಲ್ಲ ಚಿಕ್ಕಮ್ಮ. ಹಿಂದೆ ಇನ್ನಿಬ್ಬರು ಹೆಂಗಸರು.

"ಅತ್ತೂ ಅತ್ತೂ ಮುಖ ಹೇಗೆ ಊದಿಸ್ಕೊಂಡಿದೀಯ ನೋಡು ಮಗಳೇ."

"ಅಳ್ತಿಲ್ಲ ಖೋಲಾ. ಹಲ್ಲು."

ಖೋಲಾ ಹಿಂದೆ ತಿರುಗಿದಳು. "ಹಲ್ಲು ಅಂತಾಳೆ ಪಾಪ."

ಮೂವರೂ ಅವಳನ್ನು ತಬ್ಬಿಕೊಂಡು ಅತ್ತರು. ಹಲ್ಲಿಗೆ ಅದರಿಂದ ಏನೂ ಗುಣ ಕಾಣಲಿಲ್ಲ. ಕೊನೆಗೆ ಬಾಯಿ ತೆರೆದು ತೋರಿಸಿದ ಮೇಲೆ ಅವರ ಅಳು ಮದ್ದಿನತ್ತ ತಿರುಗಿತು. ಒಬ್ಬಳು ಮಣಿಕಟ್ಟಿಗೆ ಬೆಳ್ಳುಳ್ಳಿ ಕಟ್ಟಿದಳು, ಇನ್ನೊಬ್ಬಳು ಕುರಿಬಾಲದ ಕೊಬ್ಬನ್ನು ಕೆನ್ನೆಯೊಳಗೆ ತುರುಕಿದಳು, ಖೋಲಾ ಒಣಸೊಪ್ಪಿನ ಹೊಗೆ ಹಾಕಿದಳು. ಸನೋಬರ್ ಹಬ್ಬದ ಅಡುಗೆಯಂತೆ ಘಮಘಮಿಸಿದಳು; ನೋವು ಮಾತ್ರ ಹಾಗೇ ಇತ್ತು.

"ಕೀಳಿಸಿಬಿಡು," ಎಂದಳು ಖೋಲಾ. "ಗೋಲಿಬ್ ಡಾಕ್ಟ್ರು ಮೊದಲು ರೂಟ್ ಕೆನಾಲ್ ಮಾಡ್ತಿದ್ರು. ಈಗೀಗ ಬಂದೋರ ಹಲ್ಲೆಲ್ಲ ಕೀಳ್ತಾರೆ. ನನ್ನ ಅಳಿಯಂದು ಹೋಯ್ತು, ಕಸಾಯಿಯವಂದು ಎರಡು ಹೋಯ್ತು."

"ಕೀಳಿಸಲ್ಲ ಖೋಲಾ. ಈಗಷ್ಟೇ ಒಬ್ಬರನ್ನ ಮಣ್ಣಿಗೆ ಕೊಟ್ಟಿದೀನಿ. ಸಾಕು."

ಶೋಕದಲ್ಲಿರುವ ಹೆಂಗಸು ಗೇಟು ದಾಟುವುದೇ ಎಂದು ಖೋಲಾ ರಾಗ ಎಳೆದಳು. ಮದ್ದಿಗಾದರೆ ದಾಟಬಹುದು ಎಂದಳು ಸನೋಬರ್. ಹಾಗಾದರೆ ಕಾವಲಿಗೆ ನಾನಿರಬೇಕು ಎಂದು ಖೋಲಾ ಚಪ್ಪಲಿ ಮೆಟ್ಟಿದಳು.

ಆಸ್ಪತ್ರೆಯ ಬೆಂಚಿನಲ್ಲಿ ಕಸಾಯಿಯವನು ಮೂರನೆಯ ಹಲ್ಲು ಹಿಡಿದು ಕುಳಿತಿದ್ದ. ಅವಳನ್ನು ಕಂಡ ಡಾಕ್ಟರು ಯಾಕೋ ತಡಬಡಾಯಿಸಿದರು. ಕೀಳೋಣ ಎಂದರು. ಅವಳು ಹಲ್ಲಿನ ಹಳೆಯ ಕಥೆಯೆಲ್ಲ ಹೇಳಿ, ಬೇಡವೆಂದು ತಲೆಯಾಡಿಸಿದಳು.

"ಹಾಗಾದ್ರೆ ತಿಳ್ಕೊಂಡು ಕೂತ್ಕೊ ತಂಗಿ," ಎಂದರು ಡಾಕ್ಟರು. "ನೋವು ತಾನಾಗಿ ನಿಂತಾಗ ಹಲ್ಲು ವಾಸಿಯಾಗಿರಲಿಲ್ಲ, ಒಳಗೆ ನರ ಸತ್ತಿತ್ತು. ಸತ್ತದ್ದು ಕೊಳೀತು. ಅದನ್ನ ತೆಗೆದು, ಬೇರಿನ ದಾರಿ ತೊಳೆದು ಮುಚ್ಚೋದೇ ರೂಟ್ ಕೆನಾಲ್. ಸೂಜಿ ಕೊಟ್ಟ ಮೇಲೆ ನೋಯಲ್ಲ. ಒಂದೇ ಸಲಕ್ಕೆ ಮುಗಿಯಲ್ಲ. ನೋವು ಹೋಯ್ತು ಅಂತ ಅರ್ಧಕ್ಕೆ ಬಿಟ್ರೆ ಪೂರ್ತಿ ಕೆಡುತ್ತೆ. ಕೊನೇಲಿ ಮೇಲೊಂದು ಕ್ಯಾಪು ಹಾಕಿಸ್ಲೇಬೇಕು, ಇಲ್ದಿದ್ರೆ ಒಣರೊಟ್ಟಿಗೆ ಮತ್ತೆ ಮುರಿಯುತ್ತೆ."

ಸೂಜಿ ಇಳಿಯಿತು. ಎಂದಿನಿಂದಲೋ ಮರಗಟ್ಟಿದ್ದ ಮನಸ್ಸಿಗೆ ಕೆನ್ನೆಯೂ ಜೊತೆಯಾಯಿತು. ನಿಜಕ್ಕೂ ನೋಯಲಿಲ್ಲ. ಡಾಕ್ಟರು ಮೂರು ದಾರಿ ತೊಳೆದರು, ನಾಲ್ಕನೆಯದಕ್ಕೆ ಬಂದು ನಿಂತರು.

"ಕೂದಲೆಳೆಯಷ್ಟಿರುತ್ತೆ. ಬರಿಗಣ್ಣಿಗೆ ಸಿಗಲ್ಲ. ಅದನ್ನ ಬಿಟ್ರೆ ಮಾಡಿದ್ದೆಲ್ಲ ದಂಡ. ನನ್ನ ಹತ್ರ ದೀಪದ ಭೂತಗನ್ನಡಿ ಇತ್ತು. ಈಗಿಲ್ಲ."

"ಕಳೀತಾ?" ಎಂದಳು ಖೋಲಾ.

"ಒಬ್ಬರಿಗೆ ಒಂದು ಸಂಜೆಗೆ ಅಂತ ಕೊಟ್ಟೆ. ಇನ್ನು ಕೇಳೋ ಹಾಗಿಲ್ಲ." ಡಾಕ್ಟರು ಕಿಟಕಿಯತ್ತ ನೋಡಿದರು. "ಅಂಥದ್ದನ್ನ ಗಡಿಯಾರದೋರೂ ಇಟ್ಕೊಂಡಿರ್ತಾರಂತೆ. ಕೇಳಿದೀನಿ, ಅಷ್ಟೇ."

ಬಾಯಗಲಿಸಿ ಮಲಗಿದ್ದ ಸನೋಬರಳ ಕಣ್ಣು ಆಗ ತಲೆಯ ಮೇಲಿನ ದೀಪದ ಹಿಡಿಯ ಮೇಲೆ ಬಿತ್ತು. ಅದಕ್ಕೆ ಹಸಿರು ದಾರ ಸುತ್ತಿತ್ತು. ಕನ್ನಡಿಯ ಕಡ್ಡಿಗೂ, ಕತ್ತರಿಗೂ, ನಲ್ಲಿಗೂ ಹಸಿರು ದಾರ. ಡಾಕ್ಟರು ತಮ್ಮ ಸಾಮಾನಿಗೆಲ್ಲ ಗುರುತು ಕಟ್ಟಿದ್ದರು.

"ನಿಮ್ಮದಾ?" ಎಂದಳು. ಬಾಯಿಗೆ ತುರುಕಿದ್ದ ಹತ್ತಿಯ ಮೂಲಕ ಅದು ಕರುವಿನ ಕೂಗಿನಂತೆ ಬಂತು.

"ನೋಯ್ತಾ?" ಎಂದು ಡಾಕ್ಟರು ಇನ್ನೊಂದು ಸೂಜಿ ಚುಚ್ಚಿದರು.

ಅಷ್ಟರಲ್ಲಿ ಖೋಲಾ ಉತ್ಸಾಹದಿಂದ, ಇವಳ ಮನೆಯಲ್ಲೇ ಇದೆ, ದೀಪವೂ ಇದೆ, ಗಂಡನ ನೆನಪಿಗೆ ಇಟ್ಟುಕೊಂಡಿದ್ದಾಳೆ ಎಂದು ಸಾರಿದಳು. ಡಾಕ್ಟರ ಮುಖ ಕೆಂಪಗಾಯಿತು.

ಸನೋಬರ್ ಎದ್ದು ಮನೆಗೆ ನಡೆದಳು. ಬಾಯಿ ಒಂದು ಕಡೆಗೆ ಜೋತಿತ್ತು. ದಾರಿಯಲ್ಲಿ ಸಿಕ್ಕವರು, ದುಃಖಕ್ಕೆ ಲಕ್ವ ಹೊಡೆಯಿತು ಎಂದು ಪಿಸುಗುಟ್ಟಿದರು. ಅವಳು ಮೊಳೆಯಿಂದ ಕನ್ನಡಕ ತೆಗೆದು, ಒಮ್ಮೆ ಸೆರಗಿನಂಚಿನಿಂದ ಒರೆಸಿ, ತಂದು ಡಾಕ್ಟರ ಮೇಜಿನ ಮೇಲಿಟ್ಟಳು.

"ಬೇಡ," ಎಂದರು ಅವರು. "ಜನಾಜಾದ ದಿನ ತೃಪ್ತ ಅಂತ ಮಾತು ಕೊಟ್ಟಿದೀನಿ."

"ನೀವು ಮಾತು ಕೊಟ್ಟಿದ್ದು ಅವರಿಗೆ. ಇದನ್ನ ಕೊಡ್ತಿರೋದು ನಾನು."

ಬೆಂಚಿನ ಮೇಲೆ ಗದ್ದಲವೆದ್ದಿತು. ಖೋಲಾ ಗಂಟಲು ಸರಿಮಾಡಿಕೊಂಡಳು. "ಮಾತಿಗೆ ಮಾತು ಬಂತು ಅಂತ ಹೇಳ್ತೀನಿ ಮಗಳೇ. ನಿಮ್ಮ ಅಂಗಳದ ಏಣಿ ಇದೆಯಲ್ಲ..."

ಕಸಾಯಿಯವನು ಕೆನ್ನೆ ಹಿಡಿದುಕೊಂಡೇ ಬಾಗಿಲಲ್ಲಿ ತಲೆ ಹಾಕಿದ. "ವಾಪಸ್ ಕೊಡ್ತಿದಾರಾ? ನನ್ನ ಕಡಾಯಿ..."

ಸನೋಬರ್ ಕುರ್ಚಿಯಲ್ಲಿ ಒರಗಿದಳು. ಕನ್ನಡಕವನ್ನು ಡಾಕ್ಟರ ಕೈಗೇ ಎತ್ತಿಕೊಟ್ಟು, ಇಷ್ಟೆಲ್ಲದರಲ್ಲಿ ಖಂಡಿತವಾಗಿ ತನ್ನದು ಎನ್ನಬಹುದಾದ ಆ ಒಂದು ಹಲ್ಲನ್ನು ಬಾಯಗಲಿಸಿ ತೋರಿಸಿದಳು.