ತೀರ್ಪುಗಾರರಿಗೆ ಎರಡನೇ ಮುದ್ದೆ

ಹೊಟ್ಟೆ ತುಂಬಿದ ಮನುಷ್ಯ ಯಾರಿಗೂ ಕೆಟ್ಟದ್ದು ಮಾಡಲಾರ ಎಂದು ನಾನು ಇಪ್ಪತ್ತು ವರ್ಷ ನಂಬಿಕೊಂಡಿದ್ದೆ. ಆ ನಂಬಿಕೆ ತಪ್ಪೇನಲ್ಲ. ಹೊಟ್ಟೆ ಪೂರ್ತಿ ತುಂಬಿದ ಮನುಷ್ಯ ಒಳ್ಳೆಯದನ್ನೂ ಮಾಡಲಾರ ಎಂಬುದು ಮಾತ್ರ ನನಗೆ ತಡವಾಗಿ ತಿಳಿಯಿತು. ತಿಳಿಯುವ ಹೊತ್ತಿಗೆ ನನ್ನ ತಂಗಿ ಸವಿತಳ ಒಂದು ವರ್ಷದ ದುಡಿಮೆಯನ್ನು ನಾನು ಕೈಯಾರೆ ಹಾಳು ಮಾಡಿದ್ದೆ. ಜಗಳವಾಡಿ, ಅಡ್ಡಗಾಲು ಹಾಕಿ ಹಾಳು ಮಾಡಿದ್ದಲ್ಲ. ಬಡಿಸಿ ಬಡಿಸಿ ಹಾಳು ಮಾಡಿದ್ದು.

ಕನಕಪುರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನದೊಂದು ಮೆಸ್ಸಿದೆ. ಮುದ್ದೆ, ಸಾರು, ಅನ್ನ, ಮಜ್ಜಿಗೆ. ಬೋರ್ಡಿನ ಬಣ್ಣ ಹೋಗಿ ಎಷ್ಟೋ ಕಾಲವಾಯಿತು, ಜನ ಸಾರಿನ ವಾಸನೆ ಹಿಡಿದು ಬರುತ್ತಾರೆ. ಅಲ್ಲಿ ನಿಂತು ನಾನು ಕಲಿತ ಮನಃಶಾಸ್ತ್ರವೇ ಬೇರೆ. ಒಬ್ಬರು ಫೋನಿನಲ್ಲಿ ಹೆಂಡತಿಯ ಜೊತೆ ಕೂಗಾಡುತ್ತಲೇ ಒಳಗೆ ಬರುತ್ತಾರೆ. ಮೊದಲ ತುತ್ತಿಗೆ ದನಿ ಇಳಿಯುತ್ತದೆ, ಅರ್ಧ ಮುದ್ದೆಗೆ ‘ಆಯ್ತು ಬಿಡು’ ಎನ್ನುತ್ತಾರೆ, ಮಜ್ಜಿಗೆಗೆ ಬರುವಷ್ಟರಲ್ಲಿ ‘ಬರೋವಾಗ ಹೂವ ತರ್ಲಾ’ ಎಂದು ಕೇಳುತ್ತಾರೆ. ಇಂಥದ್ದನ್ನೆಲ್ಲ ದಿನಾ ನೋಡುವವನಿಗೆ ಲೋಕದಲ್ಲಿ ಮುದ್ದೆಯಿಂದ ಬಗೆಹರಿಯದ ಸಮಸ್ಯೆ ಇಲ್ಲ ಎನ್ನಿಸಿದರೆ ಅದು ಅವನ ತಪ್ಪಲ್ಲ.

ಶಾಲೆಯಲ್ಲಿ ನಾನು ಕಲಿತದ್ದು ಕಡಿಮೆ. ಐದನೇ ಕ್ಲಾಸಿನಲ್ಲಿ ಹದಿನೇಳನ್ನು ಐದರಿಂದ ಭಾಗಿಸಿದರೆ ಮೂರು ಬಂದು ಎರಡು ಉಳಿಯುತ್ತದೆ ಎಂದು ಮೇಷ್ಟ್ರು ಹೇಳಿದರು. ಉಳಿದ ಆ ಎರಡನ್ನು ಏನು ಮಾಡಬೇಕು ಎಂದು ಮರುದಿನ ಕೇಳಬೇಕೆಂದುಕೊಂಡೆ, ರಾತ್ರಿ ಸವಿತಳಿಗೂ ಹೇಳಿದೆ. ಮರುದಿನ ನಮ್ಮ ಮನೆಯಲ್ಲಿ ರೇಷ್ಮೆ ಹುಳ ಹಣ್ಣಾದವು. ಹಣ್ಣಾದ ಹುಳ ಯಾರಿಗೂ ಕಾಯುವುದಿಲ್ಲ, ಒಂದೊಂದಾಗಿ ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು, ಮನೆಮಂದಿಯೆಲ್ಲ ಬೇಕು. ನಾಲ್ಕು ದಿನ ಬಿಟ್ಟು ಹೋದಾಗ ಕ್ಲಾಸು ಭಿನ್ನರಾಶಿಗೆ ಬಂದಿತ್ತು. ಒಂದರ ಕೆಳಗೆ ಗೆರೆ ಎಳೆದು ಇನ್ನೊಂದನ್ನು ಕೂರಿಸಿದ್ದರು. ನನಗೆ ಯಾವುದೂ ಅರ್ಥವಾಗದೆ ಕಿಟಕಿ ನೋಡಿದೆ. ಮುಂದಿನ ಬೆಳೆಗೆ ಇನ್ನೊಂದು ವಾರ ತಪ್ಪಿತು. ಆಮೇಲೆ ನಾನು ಹೋಗಲಿಲ್ಲ, ಯಾರೂ ಕೇಳಲೂ ಇಲ್ಲ. ಸವಿತ ಮಾತ್ರ ಬಿಡದೆ ಓದಿ ಟೀಚರಾದಳು. ಮಾಗಡಿ ತಾಲ್ಲೂಕಿನ ಒಂದು ಸಣ್ಣ ಶಾಲೆಯಲ್ಲಿದ್ದಾಳೆ. ನಾನು ಮೆಸ್ಸಿಗೆ ಬರುವ ಪೇಪರನ್ನು ಒಂದಕ್ಷರ ಬಿಡದೆ ಓದಿಕೊಂಡು, ಓದಿದವರ ಅಣ್ಣ ಎನ್ನುವ ಪದವಿಯಲ್ಲೇ ಸುಖವಾಗಿದ್ದೆ.

ಅವಳ ಶಾಲೆಯ ಮಕ್ಕಳ ಮನೆಗಳಲ್ಲೂ ರೇಷ್ಮೆಯೇ. ಹುಳ ಹಣ್ಣಾದಾಗ ಹಾಜರಿ ಅರ್ಧಕ್ಕೆ ಇಳಿಯುತ್ತದೆ. ತಪಾಸಣೆಗೆ ಬಂದವರೆಲ್ಲ ಹಾಜರಿ ಪುಸ್ತಕ ತಿರುವಿ, ಮಕ್ಕಳು ಸೋಮಾರಿಗಳು, ಟೀಚರಿಗೆ ಆಸಕ್ತಿ ಇಲ್ಲ ಎಂದು ಹೇಳಿ ಹೋಗುತ್ತಿದ್ದರು. ಅವಳು ಅದಕ್ಕೊಂದು ಉಪಾಯ ಕಂಡುಹಿಡಿದಳು. ನಮ್ಮ ಮನೆಯ ಅಟ್ಟದಲ್ಲಿದ್ದ ಹಳೇ ಬಿದಿರಿನ ಚಂದ್ರಿಕೆಯನ್ನು ಕೇಳಿ ತೆಗೆದುಕೊಂಡು ಹೋದಳು. ಚಾಪೆಯಂಥ ಅದರ ಮೈಮೇಲೆ ಸುರುಳಿ ಸುರುಳಿಯಾಗಿ ಬಿದಿರಿನ ಪಟ್ಟಿ ಇರುತ್ತದಲ್ಲ, ಆ ಸುರುಳಿಯೇ ದಾರಿ. ದಾರಿಯುದ್ದಕ್ಕೂ ಲೆಕ್ಕದ ಪಾಠಗಳು, ಎಣಿಸುವುದರಿಂದ ಹಿಡಿದು ಭಿನ್ನರಾಶಿವರೆಗೆ. ಪ್ರತಿ ಮಗುವಿಗೂ ಅದರ ಹೆಸರು ಬರೆದ ಒಂದು ರೇಷ್ಮೆ ಗೂಡು. ಮಗು ಎಷ್ಟು ಕಲಿತಿದೆಯೋ ಅಲ್ಲಿ ಅದರ ಗೂಡು ಕೂತಿರುತ್ತದೆ. ಮಗು ನಾಲ್ಕು ದಿನ ಬರದಿದ್ದರೆ ಗೂಡು ಅಲ್ಲೇ ಕಾಯುತ್ತದೆ. ಬಂದ ಮೇಲೆ ಪಾಠ ಅಲ್ಲಿಂದಲೇ ಶುರು. ಶಾಲೆಗಳಲ್ಲಿ ಹೊಸದೇನಾದರೂ ಮಾಡಿದ ಟೀಚರುಗಳಿಗೆ ರಾಮನಗರದಲ್ಲಿ ಒಂದು ಸಂಸ್ಥೆಯವರು ಸ್ಪರ್ಧೆ ಇಟ್ಟರು. ಗೆದ್ದ ವಿಧಾನವನ್ನು ಸುತ್ತಲಿನ ಶಾಲೆಗಳಿಗೆಲ್ಲ ಒಯ್ಯುತ್ತಾರಂತೆ. ಸವಿತ ಅರ್ಜಿ ಹಾಕಿದಳು. ಪ್ರಶಸ್ತಿಗಿಂತ ಹೆಚ್ಚಾಗಿ, ತಿಳಿದವರು ಒಬ್ಬರಾದರೂ ಈ ಮಕ್ಕಳು ಸೋಮಾರಿಗಳಲ್ಲ ಎಂದು ಬಾಯಿಬಿಟ್ಟು ಹೇಳಲಿ ಎನ್ನುವುದು ಅವಳ ಆಸೆಯಾಗಿತ್ತು.

ಅದೇ ಸ್ಪರ್ಧೆಯ ಮಧ್ಯಾಹ್ನದ ಊಟ ನನ್ನ ಪಾಲಿಗೆ ಬಂತು. ಏರ್ಪಾಡು ಮಾಡುತ್ತಿದ್ದ ಸಿದ್ದರಾಜು ಮೇಷ್ಟ್ರು ನನ್ನ ಮೆಸ್ಸಿನ ಹಳೇ ಗಿರಾಕಿ. ಹಗುರಾಗಿರಲಿ, ಚಿತ್ರಾನ್ನ, ಮೊಸರನ್ನ, ಒಂದು ಪಲ್ಯ ಸಾಕು ಎಂದು ಸ್ಪಷ್ಟವಾಗಿ ಹೇಳಿದ್ದರು. ನಾನೂ ಸರಿ ಎಂದಿದ್ದೆ. ಹಿಂದಿನ ದಿನ ಸಂಜೆ ಸವಿತ ಫೋನು ಮಾಡಿದಳು.

“ಚೀಟಿ ಎತ್ತಿದ್ರು ಕಣಣ್ಣ. ಊಟ ಆದ್ಮೇಲೆ ನಂದೇ ಮೊದ್ಲು.”

ಅವಳ ದನಿಯಲ್ಲಿ ಅಳುಕಿತ್ತು. ನನಗೋ ಒಳಗೊಳಗೇ ಹಿಗ್ಗು. ಊಟ ನನ್ನದು, ಊಟವಾದ ಕೂಡಲೇ ತಂಗಿ. ದೇವರು ಇಷ್ಟು ನೇರವಾಗಿ ಕಣ್ಣು ಹೊಡೆದಾಗ ಚಿತ್ರಾನ್ನ ಮಾಡುವುದುಂಟೇ? ಅವರೆಕಾಯಿ ಕಾಲ. ಹೆಂಡತಿಯನ್ನು ಕೂರಿಸಿಕೊಂಡು ನೆನೆಸಿದ ಕಾಳನ್ನೆಲ್ಲ ಹಿತುಕಿ, ಹಿತಕಿದಬೇಳೆ ಸಾರಿಗೆ ಅಣಿ ಮಾಡಿದೆ. ಜೊತೆಗೆ ಹೋಳಿಗೆಗೆ ಹೂರಣ. ಅವಳು ಬೆರಳು ನೋವಿಗೆ ಒಮ್ಮೆ ತಲೆಯೆತ್ತಿ, “ಅವ್ರು ಕೇಳಿದ್ದು ಚಿತ್ರಾನ್ನ ಅಲ್ವರಾ?” ಎಂದಳು. ದೊಡ್ಡವರು ಬರುತ್ತಾರೆ, ನಿನಗೆ ತಿಳಿಯುವುದಿಲ್ಲ ಎಂದೆ. ಅವಳಿಗೆ ತಿಳಿದಿತ್ತು ಎಂದು ಈಗ ಅನ್ನಿಸುತ್ತದೆ.

ಬೆಳಿಗ್ಗೆ ನನ್ನ ಜೊತೆಗೇ ಹೋಗಲೆಂದು ಸವಿತ ಮೊದಲ ಬಸ್ಸಿಗೇ ಚಂದ್ರಿಕೆ ಹೊತ್ತು ಬಂದಳು. ನನ್ನ ಲಗೇಜ್ ಆಟೋದಲ್ಲಿ ಪಾತ್ರೆಗಳ ಮೇಲೆ ಹಳೇ ಸೀರೆ ಸುತ್ತಿದ ಚಂದ್ರಿಕೆಯನ್ನೂ ಮಲಗಿಸಿಕೊಂಡು ರಾಮನಗರಕ್ಕೆ ಹೋದೆವು. ಸಾರು ತುಳುಕೀತೆಂದು ಅವಳು ಪಾತ್ರೆ ಹಿಡಿದು ಕೂತಳು, ಚಂದ್ರಿಕೆ ಮುರಿದೀತೆಂದು ನಾನು ಗುಂಡಿ ತಪ್ಪಿಸಿ ತಪ್ಪಿಸಿ ಓಡಿಸಿದೆ, ಒಬ್ಬರ ಸಾಮಾನನ್ನು ಒಬ್ಬರು ಕಾಯುತ್ತ. ತೀರ್ಪುಗಾರರು ಮೂವರು. ನಿವೃತ್ತರಾದ ಒಬ್ಬ ಪ್ರೊಫೆಸರು, ಶಿಕ್ಷಣದ ಮೇಲೆ ಸಂಶೋಧನೆ ಮಾಡಿದ ಒಬ್ಬರು ಮೇಡಂ, ಲ್ಯಾಪ್‌ಟಾಪು ತಂದಿದ್ದ ಒಬ್ಬ ಯುವಕ. ಬೆಳಗಿನ ಕಾಫಿ ಕೊಡಲು ಹೋದಾಗ ಅವರ ಬಿಗಿ ನೋಡಿದೆ. ಚನ್ನಪಟ್ಟಣದ ಟೀಚರೊಬ್ಬರು ಬಣ್ಣದ ಮರದ ಬಿಲ್ಲೆಗಳನ್ನು ಚೆಂದವಾಗಿ ಜೋಡಿಸಿಟ್ಟಿದ್ದರು. ಪ್ರೊಫೆಸರು ಕನ್ನಡಕದ ಮೇಲಿಂದ ನೋಡಿ, “ಚೆನ್ನಾಗಿದೆ. ಮಗು ಇದರಿಂದ ಏನು ಕಲಿಯಿತು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?” ಎಂದು ಕೇಳಿದರು. ಟೀಚರ ಮುಖ ಬಾಡಿತು. ಇಂಥವರ ಮುಂದೆ ನನ್ನ ತಂಗಿ ನಿಲ್ಲಬೇಕಲ್ಲ ಎಂದು ನಾನು ಅಡಿಗೆ ಜಾಗಕ್ಕೆ ಓಡಿ ತುಪ್ಪದ ಡಬ್ಬಿಯ ಮುಚ್ಚಳ ತೆಗೆದೆ.

ಆ ಮೂವರಿಗೆ ನಾನೇ ನಿಂತು ಬಡಿಸಿದೆ. ಮೇಡಂ ಅರ್ಧ ಮುದ್ದೆ ಸಾಕು ಎಂದರು. ಅರ್ಧ ಬಡಿಸುವ ಪದ್ಧತಿ ನಮ್ಮ ಕಡೆ ಇಲ್ಲ ಎಂದು ಹೇಳಿ ಒಂದು ಇಟ್ಟೆ. ಯುವಕ ತಾನು ಮಧ್ಯಾಹ್ನ ಊಟವನ್ನೇ ಬಿಟ್ಟು ಆರು ತಿಂಗಳಾಯಿತು ಎಂದರು. ಸಾರು ಬರೀ ರುಚಿ ನೋಡಿ ಎಂದೆ. ರುಚಿ ನೋಡುತ್ತ ನೋಡುತ್ತ ಮೂರು ಹೋಳಿಗೆ ಮುಗಿಸಿದರು. ಪ್ರೊಫೆಸರು ಮಾತ್ರ ಏನೂ ಹೇಳದೆ ಉಣ್ಣುತ್ತಿದ್ದರು. ನಾನು ಎರಡನೇ ಮುದ್ದೆ ಹಿಡಿದು ಹೋದಾಗ ತಲೆಯೆತ್ತಿ, “ನಮ್ಮಮ್ಮ ಹೀಗೇ ಮಾಡ್ತಿದ್ರು ಕಣಯ್ಯ” ಎಂದರು. ಅಲ್ಲಿಗೆ ಗೆದ್ದೆ ಎಂದುಕೊಂಡು ಮುದ್ದೆ ಇಟ್ಟು, ಅದರ ನೆತ್ತಿಗೆ ಗುಳಿ ಮಾಡಿ ತುಪ್ಪ ಸುರಿದೆ. ಮುಂದುಗಡೆ ಸವಿತ ಊಟ ಬೇಡವೆಂದು ಚಂದ್ರಿಕೆ ನಿಲ್ಲಿಸುವುದರಲ್ಲಿದ್ದಳು. ಹಾಗಾಗಿ ಯಾರಿಗೆ ಎಷ್ಟು ಬಡಿಸಿದೆ ಎಂದು ಅವಳು ನೋಡಲೇ ಇಲ್ಲ.

ಪಾತ್ರೆ ತೊಳೆಯುವುದನ್ನು ಬಿಟ್ಟು ನಾನು ಹಿಂಬಾಗಿಲ ಸಂದಿಯಲ್ಲಿ ನಿಂತು ನೋಡಿದೆ. ಅವಳು ಶುರು ಮಾಡಿ ಎರಡು ನಿಮಿಷವಾಗಿರಬೇಕು. ಪ್ರೊಫೆಸರ ಗದ್ದ ಮೆಲ್ಲಗೆ ಮೇಲೆದ್ದು, ತಲೆ ಹಿಂದಕ್ಕೆ ವಾಲಿ, ಅಲ್ಲೇ ನಿಂತುಬಿಟ್ಟಿತು. ಆ ಭಂಗಿ ನನಗೆ ಚೆನ್ನಾಗಿ ಗೊತ್ತು. ರೇಷ್ಮೆ ಹುಳ ಜ್ವರಕ್ಕೆ ಕೂತಾಗ ಹಾಗೇ ಇರುತ್ತದೆ. ಗೂಡು ಕಟ್ಟುವುದರೊಳಗೆ ಅದಕ್ಕೆ ನಾಲ್ಕು ಜ್ವರ. ಜ್ವರ ಎಂದರೆ ಕಾಯಿಲೆಯಲ್ಲ, ಪೊರೆ ಬಿಡುವ ಮುಂಚೆ ಉಣ್ಣುವುದು ನಿಲ್ಲಿಸಿ, ತಲೆಯೆತ್ತಿ, ಅಲ್ಲಾಡದೆ ಕೂರುವುದು. ಆಗ ಸೊಪ್ಪು ಹಾಕಬಾರದು. ಚಿಕ್ಕವನಿದ್ದಾಗ, ಪಾಪ ಹಸಿದಿವೆ ಎಂದುಕೊಂಡು ನಾನು ಯಾರಿಗೂ ಹೇಳದೆ ಜ್ವರಕ್ಕೆ ಕೂತ ಹುಳಕ್ಕೆ ಎಳೇ ಸೊಪ್ಪು ಹಾಕಿಬಿಟ್ಟಿದ್ದೆ. ಮೊದಲು ಎದ್ದವು ತಿಂದು ಬಲಿತವು, ಉಳಿದವು ಸೊಪ್ಪಿನಡಿ ಸೊರಗಿದವು, ಇಡೀ ಬೆಳೆ ಹಿಂದುಮುಂದಾಯಿತು. ಅವ್ವ ಹೊಡೆಯಲಿಲ್ಲ. “ಪ್ರೀತಿ ಇದ್ರೆ ಸಾಲ್ದು ಕಣ್ಲಾ, ಒತ್ತು ಗೊತ್ತು ಬೇಕು” ಎಂದಳು. ನಲವತ್ತು ದಾಟಿದ ಮೇಲೆ ಅದೇ ಕೆಲಸವನ್ನು ನಾನು ತಜ್ಞರಿಗೆ ಮಾಡಿದ್ದೆ.

ಮೇಡಂ ಅವರ ಪೆನ್ನು ಹಾಳೆಯ ಮೇಲೆ ಗೆರೆ ಎಳೆಯುತ್ತ ಜಾರಿತು. ಯುವಕನ ಕಣ್ಣು ತೆರೆದೇ ಇತ್ತು, ಆದರೆ ಮುಂದಿನ ಲ್ಯಾಪ್‌ಟಾಪು ಕಪ್ಪಾಗಿತ್ತು, ಅವರೂ ಹಾಗೇ ಇದ್ದರು. ಸವಿತ ಒಂದು ಕ್ಷಣ ನಿಂತಳು. ಜೋರಾಗಿ ಮಾತಾಡು ತಾಯಿ, ಮೇಜು ಕುಟ್ಟು ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವಳು ದನಿಯನ್ನು ಇನ್ನೂ ತಗ್ಗಿಸಿದಳು. ಎಷ್ಟು ಮೆತ್ತಗೆ ಎಂದರೆ, ತೊಟ್ಟಿಲ ಪಕ್ಕದಲ್ಲಿ ಮಾತಾಡಿದ ಹಾಗೆ. ಗಂಟೆ ಹೊಡೆದಾಗ ಮೂವರೂ ಬೆಚ್ಚಿ ಎದ್ದು, ಬಹಳ ಚೆನ್ನಾಗಿತ್ತು ಎಂದು ಒಟ್ಟಿಗೇ ಹೇಳಿದರು. ಸಂಜೆಯ ಪಟ್ಟಿಯಲ್ಲಿ ಅವಳ ಹೆಸರು ಎಲ್ಲೂ ಇರಲಿಲ್ಲ. ಬಂದವರಿಗೆಲ್ಲ ಕೊಡುವ ಒಂದು ಪ್ರಮಾಣಪತ್ರ ಸಿಕ್ಕಿತು. ಮರಳುವಾಗ ಆಟೋದಲ್ಲಿ ಅವಳು ನನ್ನ ಕಡೆ ತಿರುಗದೆ ಕೇಳಿದಳು.

“ನನ್ ಪಾಠ ಅಷ್ಟು ಸಪ್ಪೆನಾ ಅಣ್ಣ? ಎಲ್ರೂ ನಿದ್ದೆ ಹೋದ್ರು.”

ಆಗ ಹೇಳಬೇಕಿತ್ತು. ನಾನು ಗೇರು ಬದಲಿಸಿದೆ. ಅವರು ಬೆಂಗಳೂರಿನಿಂದ ಬೇಗ ಎದ್ದು ಬಂದಿರಬೇಕು ಎಂದೆ. ಆಮೇಲೆ ಪ್ರತಿ ಹಬ್ಬಕ್ಕೂ ಹೇಳಬೇಕೆಂದುಕೊಂಡು, ಹೇಳುವ ಬದಲು ಅವಳ ಮನೆಗೆ ಹೋಳಿಗೆ ಕಟ್ಟಿ ಕಳಿಸಿದೆ. ಹೀಗೆ ಹತ್ತು ತಿಂಗಳು ಕಳೆದವು. ಮೊನ್ನೆ ಮತ್ತೆ ಅರ್ಜಿ ಕರೆದಿದ್ದಾರೆಂದೂ, ಸವಿತ ಮಾತ್ರ ಹಾಕುವುದಿಲ್ಲ ಎನ್ನುತ್ತಿದ್ದಾಳೆಂದೂ ಹೆಂಡತಿ ಹೇಳಿದಳು. ಹೇಳಿ, ತನ್ನ ಬೆರಳುಗಳನ್ನು ನೋಡಿಕೊಂಡು ಒಳಗೆ ಹೋದಳು. ಮರುದಿನ ಮೆಸ್ಸಿಗೆ ಬೀಗ ಹಾಕಿ ಮಾಗಡಿ ಕಡೆಯ ಬಸ್ಸು ಹತ್ತಿದೆ.

ಊಟದ ಬಿಡುವಿನ ಹೊತ್ತಿಗೆ ಶಾಲೆ ತಲುಪಿದೆ. ಜಗುಲಿಯಲ್ಲಿ ಅವಳ ಪಕ್ಕ ಕೂತು, ಚಿತ್ರಾನ್ನದಿಂದ ಹಿಡಿದು ಎರಡನೇ ಮುದ್ದೆಯ ತುಪ್ಪದವರೆಗೆ ಎಲ್ಲವನ್ನೂ ಒಪ್ಪಿಸಿದೆ. ಅವಳು ನಗುತ್ತಾಳೆ ಎಂದುಕೊಂಡಿದ್ದೆ. ಅವಳ ಕಣ್ಣಲ್ಲಿ ನೀರು ಬಂತು.

“ಅತ್ ತಿಂಗ್ಳಿಂದ ದಿನಾ ಕನ್ನಡಿ ಮುಂದೆ ನಿಂತ್ಕಂಡು ದನಿ ಏರ್ಸೋದು ಕಲೀತಾ ಇವ್ನಿ ಕಣಣ್ಣ. ಮಕ್ಳು ಯಾಕ್ ಮಿಸ್ ಬೈತೀರಾ ಅಂತವೆ.”

ಅವತ್ತು ಅವರನ್ನು ಎಬ್ಬಿಸದೆ ದನಿ ಯಾಕೆ ತಗ್ಗಿಸಿದೆ ಎಂದು ಕೇಳಿದೆ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು, ರಾತ್ರಿಯೆಲ್ಲ ಸೊಪ್ಪು ಹಾಕಿ ಬಂದ ಮಕ್ಕಳು ಕ್ಲಾಸಿನಲ್ಲಿ ನಿದ್ದೆ ಹೋದರೆ ತಾನು ಎಬ್ಬಿಸುವುದಿಲ್ಲ, ಅದೇ ಅಭ್ಯಾಸ ಎಂದಳು. ಎದ್ದ ಮೇಲೆ ಎಲ್ಲಿದ್ದರೋ ಅಲ್ಲಿಂದ ಹೇಳಿಕೊಟ್ಟರಾಯಿತು, ತೀರ್ಪುಗಾರರಿಗೆ ಮಾತ್ರ ಗಂಟೆ ಹೊಡೆದುಬಿಟ್ಟರು ಎಂದಳು. ಆಗ ಒಸಿ ನಕ್ಕಳು.

“ಅವ್ರಿಗೆ ಕೊನೇಲಿ ಒಂದು ಗೂಡು ತೋರ್ಸ್‌ಬೇಕು ಅಂತ ಇಟ್ಕಂಡಿದ್ದೆ. ನೀನೂ ನೋಡಿಲ್ಲ ಅಲ್ವಾ, ಬಾ.”

ಕ್ಲಾಸಿನ ಗೋಡೆಗೆ ಚಂದ್ರಿಕೆ ಒರಗಿತ್ತು. ಮಕ್ಕಳ ಗೂಡುಗಳೆಲ್ಲ ಬಣ್ಣಬಣ್ಣ, ಸುರುಳಿಯ ಉದ್ದಕ್ಕೂ ಅಲ್ಲಲ್ಲಿ ಕೂತಿದ್ದವು. ಬಣ್ಣ ಹಚ್ಚದ ಒಂದು ಹಳೇ ಗೂಡು ಮಾತ್ರ ಭಾಗಾಕಾರದ ಹತ್ತಿರ ಒಂಟಿಯಾಗಿತ್ತು. ಅದರ ಮೇಲೆ ಅವಳ ದುಂಡನೆ ಅಕ್ಷರದಲ್ಲಿ ‘ಅಣ್ಣ’ ಎಂದು ಬರೆದಿತ್ತು. ಎಲ್ಲಕ್ಕಿಂತ ಮೊದಲು ಇಟ್ಟದ್ದು ಅದೇ ಅಂತೆ. ಅದನ್ನು ಸೀರೆಯಲ್ಲಿ ಸುತ್ತಿಕೊಂಡು, ಸಾರಿನ ಪಾತ್ರೆಯ ಮೇಲೆ ಮಲಗಿಸಿಕೊಂಡು, ರಾಮನಗರದವರೆಗೆ ಹೋಗಿ ಬಂದವನು ನಾನೇ.

ಅರ್ಜಿ ಹಾಕುತ್ತೀಯಾ ಎಂದು ಕೇಳಿದೆ. ಹಾಕುತ್ತೇನೆ, ಆದರೆ ಊಟ ಬೇರೆಯವರು ಮಾಡಲಿ ಎಂದಳು. ಒಪ್ಪಿದೆ. ಹಾಗಾದರೆ ಬಂದದ್ದಕ್ಕೆ ಕೂತುಕೋ, ಆ ಉಳಿದ ಎರಡನ್ನು ಏನು ಮಾಡಬೇಕೆಂದು ಇವತ್ತು ಹೇಳಿಕೊಡುತ್ತೇನೆ ಎಂದು ನನ್ನನ್ನು ಕೊನೆಯ ಸಾಲಿನಲ್ಲಿ ಕೂರಿಸಿದಳು. ಮಂಡಿ ಮಡಚಿ ಕೂತೆ. ಅವಳು ಹದಿನೇಳು ಗೂಡುಗಳನ್ನು ನೆಲದ ಮೇಲೆ ಹರವಿ, ಐದು ಮಕ್ಕಳನ್ನು ಕರೆದು, ತಲೆಗೆ ಮೂರರಂತೆ ಹಂಚಿದಳು. ಎರಡು ಉಳಿದವು. ಮಕ್ಕಳೆಲ್ಲ ಆ ಎರಡನ್ನೇ ನೋಡುತ್ತಿದ್ದರು, ನಾನೂ ನೋಡುತ್ತಿದ್ದೆ, ಇಷ್ಟು ನನಗೆ ಚೆನ್ನಾಗಿ ನೆನಪಿದೆ. ಎಚ್ಚರವಾದಾಗ ಬಿಸಿಲು ಬಾಗಿಲಿನಿಂದ ಗೋಡೆಗೆ ಹತ್ತಿತ್ತು, ಮಕ್ಕಳು ಬಾಯಿಗೆ ಬೆರಳಿಟ್ಟುಕೊಂಡು ಒಬ್ಬರಿಗೊಬ್ಬರು ‘ಶ್’ ಎನ್ನುತ್ತಿದ್ದರು, ನನ್ನ ಗೂಡು ಇದ್ದಲ್ಲೇ ಇತ್ತು. ನನ್ನ ತಪ್ಪಲ್ಲ. ಜಗುಲಿಗೆ ಹೋಗುವ ಮುಂಚೆ ಮಕ್ಕಳ ಪಂಕ್ತಿಯಲ್ಲೇ ನನ್ನನ್ನೂ ಕೂರಿಸಿದ್ದರು. ಆ ಶಾಲೆಯ ಬಿಸಿಯೂಟ ಮಾಡುವ ಹೆಣ್ಣುಮಗಳ ಕೈ ಬಹಳ ಒಳ್ಳೆಯದು, ಸಾಕು ಎಂದರೂ ಕೇಳದೆ ಬಡಿಸುತ್ತಾಳೆ.