ನೈಋತ್ಯಕ್ಕಿದ್ದ ಸಮುದ್ರ

ಓದದವನು ಹೆದರಿದರೆ ಹೆದರಿದೆ ಅನ್ನುತ್ತಾನೆ. ಓದಿದವನು ತನ್ನ ಹೆದರಿಕೆಯನ್ನು ಬೇರೆಯವರ ತಲೆಗೆ ಕಟ್ಟುತ್ತಾನೆ. ನಾನು ಓದಿದವನು. ಕಣಕಟ್ಟೆ ಕಡೆಯ ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲನೆಯವನು. ಅಣ್ಣ ರಂಗಪ್ಪ ಮೂರನೇ ಕ್ಲಾಸಿಗೇ ಶಾಲೆ ಬಿಟ್ಟು ತೆಂಗಿಗೆ ನೀರು ಹಾಯಿಸಿದ್ದರಿಂದ ನಾನು ಅರಸೀಕೆರೆಯ ಹಾಸ್ಟೆಲಿನಲ್ಲಿ ನೀರು ಸಾರು ಉಂಡು ಬಿ.ಎಸ್ಸಿ. ಮುಗಿಸಿದೆ. ಬೇಲೂರಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟೆ. ಗ್ರಹಣದ ಹೊತ್ತಿನಲ್ಲಿ ಮಕ್ಕಳೆದುರು ಉಪ್ಪಿಟ್ಟು ತಿಂದು ತೋರಿಸಿದ ಮೇಷ್ಟ್ರು ಅಂತ ಈಗಲೂ ಕೆಲವರು ನೆನೆಯುತ್ತಾರೆ. ಆ ಉಪ್ಪಿಟ್ಟಿನ ಡಬ್ಬಿಯಲ್ಲಿ ದೋಷ ತಟ್ಟದಿರಲೆಂದು ನಾನೇ ಇಟ್ಟ ಒಂದು ದರ್ಭೆಯ ಕಡ್ಡಿ ಇತ್ತೆಂಬುದನ್ನು ಮಾತ್ರ ನಾನು ಯಾರಿಗೂ ಹೇಳಿಲ್ಲ.

ನನ್ನ ಹೆಂಡತಿ ಸಾವಿತ್ರಿ ಆ ಮೂವತ್ತು ವರ್ಷವೂ ಅಡುಗೆಮನೆಯ ಕಿಟಕಿಯಿಂದ ಪಕ್ಕದ ಮನೆಯ ಗೋಡೆಯನ್ನು ನೋಡಿಕೊಂಡೇ ಬೇಯಿಸಿದವಳು. ನಾನು ನಿವೃತ್ತನಾದಾಗ ಅವಳು ಕೇಳಿದ್ದು ಒಂದೇ: "ಬೆಳಿಗ್ಗೆ ಕಣ್ಣು ಬಿಟ್ರೆ ಹಾಸಿಗೆಯಿಂದ್ಲೇ ಸಮುದ್ರ ಕಾಣ್ಬೇಕು ಕಣ್ರೀ. ಒಡವೆ ಗಿಡವೆ ಬೇಡ." ಘಟ್ಟದ ಕೆಳಗೆ, ಸಮುದ್ರದಂಡೆಯ ಗಾಳಿಮರಗಳ ನಡುವೆ, ರಜೆಗೆ ಬರುವವರು ತಂಗುವ ಒಂದು ಪಾರ್ಕಿನಲ್ಲಿ ಹಳೆಯ ಕ್ಯಾರವಾನ್ ಮಾರಾಟಕ್ಕಿದೆಯೆಂದು ತಿಳಿದು ಕೊಂಡುಬಿಟ್ಟೆ. ಕ್ಯಾರವಾನ್ ಅಂದರೆ ಚಕ್ರದ ಮೇಲಿನ ಮನೆ: ಮಂಚ, ಒಲೆ, ಬಚ್ಚಲು, ಎಲ್ಲ ಒಂದೇ ಡಬ್ಬಿಯೊಳಗೆ. ಜಾಗ ಎಷ್ಟು ಶಾಂತವೆಂದರೆ, ಅಲ್ಲಿ ಯಾರಾದರೂ ಸತ್ತರೆ ಅಕ್ಕಪಕ್ಕಕ್ಕೆ ತಿಳಿಯಲು ವಾರ ಹಿಡಿದೀತು.

ಮೊದಲ ದಿನ ಸಾವಿತ್ರಿ ಮಂಚದ ಮೇಲೆ ಕೂತವಳು ಅರ್ಧ ಗಂಟೆ ಏಳಲಿಲ್ಲ. ದೊಡ್ಡ ಕಿಟಕಿಯ ತುಂಬ ಸಮುದ್ರ. ನಾನು ಹೊರಗೆ ಬಂದು, ಸುಮ್ಮನೆ ಇರಲಾರದೆ, ಫೋನಿನಲ್ಲಿ ದಿಕ್ಕು ನೋಡಿದೆ. ಬಾಗಿಲು ನೈಋತ್ಯಕ್ಕಿತ್ತು. ವಾಸ್ತುವಿನ ಲೆಕ್ಕದಲ್ಲಿ ಬಾಗಿಲಿಗೆ ಅದಕ್ಕಿಂತ ಕೆಟ್ಟ ದಿಕ್ಕಿಲ್ಲ. ಬರಿಗೈಲಿ ಹುಟ್ಟಿದವನಿಗೆ, ಕೈಗೆ ಬಂದದ್ದೆಲ್ಲ ಯಾರೋ ಮರೆತು ಬಿಟ್ಟುಹೋದ ವಸ್ತುವಿನಂತೆ ಕಾಣುತ್ತದೆ. ಯಾವಾಗ ವಾಪಸ್ಸು ಕೇಳಿಕೊಂಡು ಬರುತ್ತಾರೋ ಎಂಬ ದಿಗಿಲು. ಮುಂದಿನ ವಾರ ಒಬ್ಬನೇ ಹೋಗಿ, ಪಾರ್ಕಿನವರ ಟ್ರ್ಯಾಕ್ಟರಿನಿಂದ ಕ್ಯಾರವಾನನ್ನು ಎಳೆಸಿ, ಬಾಗಿಲನ್ನು ಪೂರ್ವಕ್ಕೆ ತಿರುಗಿಸಿಬಿಟ್ಟೆ. ದೊಡ್ಡ ಕಿಟಕಿ ಬಾಗಿಲ ಪಕ್ಕದಲ್ಲೇ ಇದ್ದದ್ದರಿಂದ ಅದೂ ಪೂರ್ವಕ್ಕೆ ಹೋಯಿತು. ಎದುರಿಗೆ ಬಟ್ಟೆ ಒಗೆಯುವ ಕಲ್ಲು, ಅದರಾಚೆ ಕಾಂಪೌಂಡ್ ಗೋಡೆ. ನಮ್ಮ ಕಡೆ ಕರಾವಳಿಯ ಸಮುದ್ರ ಪೂರ್ವಕ್ಕೆ ಬರುವುದಿಲ್ಲವೆಂದು ಎಂಟನೇ ಕ್ಲಾಸಿಗೆ ನಾನೇ ಪಾಠ ಮಾಡಿದ್ದೆ.

ಸಾವಿತ್ರಿಗೆ ಹೇಳಿದೆ: "ವಾಸ್ತು ಸರಿಯಿಲ್ಲ ಅಂತ ಅಣ್ಣ ಹಟ ಹಿಡಿದುಬಿಟ್ಟ. ಅವನ ಮಾತು ಮೀರೋಕಾಗುತ್ತಾ?" ಅವಳು ಗೋಡೆಯನ್ನು ಒಂದು ಗಳಿಗೆ ನೋಡಿ, "ಭಾವ ಹೇಳಿದ್ರಾ? ಹೋಗ್ಲಿ ಬಿಡಿ" ಅಂದಳು. ಅಣ್ಣನೆಂದರೆ ಅವಳಿಗೆ ಅಷ್ಟು ಗೌರವ. ನನಗದು ಗೊತ್ತಿತ್ತು, ಅದಕ್ಕೇ ಅವನ ಹೆಸರು ಹೇಳಿದ್ದು.

ಎರಡು ವರ್ಷ ನಾವು ಅಲ್ಲಿಗೆ ಹೋಗಿ ಗೋಡೆ ನೋಡಿಕೊಂಡು ಬಂದೆವು. ಬಚ್ಚಲಿನ ಗವಾಕ್ಷಿಯಿಂದ ಮಾತ್ರ ಸಮುದ್ರ ಕಾಣುತ್ತಿತ್ತು, ಅದೂ ಬಕೆಟ್ಟು ಬೋರಲು ಹಾಕಿ ನಿಂತರೆ. ಒಂದು ಬೆಳಿಗ್ಗೆ ಸಾವಿತ್ರಿ ಹಾಗೆ ನಿಂತಿದ್ದನ್ನು ಕಂಡು, ಮತ್ತೆ ತಿರುಗಿಸಿಕೊಡಿ ಎಂದು ಪಾರ್ಕಿನವರನ್ನು ಕೇಳಿದೆ. ಮ್ಯಾನೇಜರು ಬಗ್ಗಿ ನೋಡಿ, "ಉಪ್ಪುಗಾಳಿಗೆ ಅಡಿ ಪೂರಾ ತುಕ್ಕು ಹಿಡಿದಿದೆ ಮಾಸ್ಟ್ರೇ. ಇನ್ನು ಎಳೆದ್ರೆ ಮನೆ ಒಂದು ಕಡೆ, ಚಕ್ರ ಒಂದು ಕಡೆ" ಅಂದರು.

ಮುಂದಿನ ಸಲ ಹೊರಟಾಗ ಸಾವಿತ್ರಿ ಅಣ್ಣನನ್ನೂ ಕರೆದಳು. ಬೇಡವೆನ್ನಲು ನನ್ನ ಹತ್ತಿರ ಕಾರಣವಿರಲಿಲ್ಲ, ಇದ್ದದ್ದನ್ನು ಹೇಳುವಂತಿರಲಿಲ್ಲ. ಅಣ್ಣ ಬಂದವನೇ ಕ್ಯಾರವಾನಿಗೆ ಒಂದು ಸುತ್ತು ಹಾಕಿದ.

"ಏನ್ಲಾ ಇದು, ಸಮುದ್ರ ಹಿಂದ್ಗಡೆ ಐತೆ, ಬಾಗ್ಲು ಈ ಕಡೆ ಮಡಗಿದ್ದೀಯ?"

ಸಾವಿತ್ರಿ ಕಾಫಿ ಲೋಟ ಕೊಡುತ್ತ, "ನೀವೇ ತಾನೆ ಭಾವಾ, ವಾಸ್ತು ಸರಿಯಿಲ್ಲ ಅಂದಿದ್ದು?" ಅಂದಳು.

"ನಾನಾ? ನಾನ್ಯಾವಾಗಮ್ಮ ಅಂದೆ? ಗಾಲಿ ಇರೋ ಬಂಡಿಗೆ ಎಂಥ ವಾಸ್ತು? ನಮ್ಮ ಎತ್ತಿನ ಗಾಡಿ ದಿನಕ್ಕೆ ನಾಕು ದಿಕ್ಕಿಗೂ ತಿರುಗ್ತಿತ್ತು. ಎತ್ತು ಚೆನ್ನಾಗೇ ಇದ್ವು."

ನಾನು ಲೋಟದೊಳಗೆ ನೋಡಿದೆ. ಸಾವಿತ್ರಿ ನನ್ನನ್ನು ನೋಡಿದಳು. ಜಗಳವಾಡಿದ್ದರೆ ಹಗುರಾಗುತ್ತಿದ್ದೆ. ಅವಳು ಎರಡು ಕುರ್ಚಿ ಎತ್ತಿಕೊಂಡು, "ಬನ್ನಿ ಭಾವಾ, ಹಿಂದ್ಗಡೆ ಕೂರೋಣ" ಅಂದಳು. ನಾನೂ ಎದ್ದೆ.

"ನೀವು ಒಳಗೇ ಇರಿ," ಅಂದಳು. "ನಿಮಗೆ ಆ ದಿಕ್ಕು ಆಗಿಬರಲ್ಲ."

ನಾನು ಕೂತೆ. ಹಿಂದಿನಿಂದ ಅವರಿಬ್ಬರ ನಗು ಕೇಳಿಸುತ್ತಿತ್ತು. ಹೋಗಿ ತಪ್ಪಾಯಿತು ಅನ್ನಬೇಕೆಂದು ಎರಡು ಸಲ ಎದ್ದೆ, ಎರಡು ಸಲವೂ ಕೂತೆ. ಅವತ್ತು ಭಾನುವಾರ, ಸಂಜೆ ಐದು ಗಂಟೆ. ರಾಹುಕಾಲ ಮುಗಿಯಲು ಇನ್ನೂ ಒಂದು ಗಂಟೆ ಇತ್ತು.